ಎಡಗಿವಿಯ ಮೇಲೆ

ಫೆಬ್ರವರಿ 2, ಸೋಮವಾರ

ಅಳಬಾರದು ಎಂದಿದ್ದಾರೆ. ಬರೆಯಬಾರದು ಎಂದು ಯಾರೂ ಹೇಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇದು ಸಲೂನಿನ ಪುಸ್ತಕ. ಹಿಂದಿನ ಪುಟಗಳಲ್ಲಿ ಯಾರಿಗೆ ಯಾವ ದಿನ ಯಾವ ಜಡೆ ಎಂದು ಗುರುತು ಹಾಕಿಕೊಂಡಿದ್ದೇನೆ. ಜನವರಿಯ ಪುಟದ ಅಂಚಿನಲ್ಲಿ ಮಗಳು ಬಿರಾಗೊಳ ಅಕ್ಷರವಿದೆ: ‘ಬಿರಾಗೊ, ಸಣ್ಣ ಜಡೆ, ಸೊಂಟದವರೆಗೆ, ಪುಕ್ಕಟೆ.’ ಅದರ ಕೆಳಗೆ ನನ್ನ ಅಕ್ಷರ: ‘ಕ್ರಿಸ್ಮಸ್ಸಿಗೆ ನೋಡೋಣ.’

ಮಗಳು ಶನಿವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೋದಳು. ಮಲೇರಿಯಾ ತಲೆಗೆ ಏರಿತು ಎಂದರು. ಹತ್ತೊಂಬತ್ತು ವರ್ಷ. ಈಗ ಶವಾಗಾರದ ತಣ್ಣನೆಯ ಪೆಟ್ಟಿಗೆಯಲ್ಲಿದ್ದಾಳೆ. ಅವಳಿಗೆ ಚಳಿ ತಡೆಯುವುದಿಲ್ಲ.

ಫೆಬ್ರವರಿ 5, ಗುರುವಾರ

ಅಬ್ರಾಫಿ ಚಿಕ್ಕಮ್ಮ ನನ್ನನ್ನು ಕಾಯಲು ಬಂದು ಕೂತಿದ್ದಾಳೆ. ಕಣ್ಣು ಒದ್ದೆಯಾದರೆ ಸಾಕು, ಬಾಯಿಗೆ ಮೊಟ್ಟೆ ತುರುಕುತ್ತಾಳೆ.

"ಚೊಚ್ಚಲು ಹೋದ್ರೆ ಹೆತ್ತವರು ಅಳಬಾರದು, ಹೆಣ ನೋಡಬಾರದು, ಮಣ್ಣಿಗೆ ಹೋಗಬಾರದು. ಬಿಳಿ ಉಟ್ಕೊಂಡು, ಹೊಟ್ಟೆ ತುಂಬ ತಿಂದ್ಕೊಂಡು ಒಳಗೆ ಕೂತಿರ್ಬೇಕು. ಸಾವಿಗೆ ನಿನ್ನ ಕಣ್ಣೀರಿನ ರುಚಿ ಹತ್ತಬಾರದು ಕಣೇ ಫ್ರೇಮಾ. ಹತ್ತಿತು ಅಂದ್ರೆ ಮುಂದೆ ಹುಟ್ಟೋದನ್ನೂ ಬಿಡಲ್ಲ."

"ಮುಂದೆ ಹುಟ್ಟೋದಾ? ಯಾರಿಂದ? ಅವಳಪ್ಪ ಟೆಕಿಮಾನ್‌ನಲ್ಲಿ ಇನ್ನೊಂದು ಸಂಸಾರ ಮಾಡ್ಕೊಂಡು ಎಂಟು ವರ್ಷ ಆಯ್ತು."

"ಮೂವತ್ತೆಂಟಕ್ಕೇ ಮುದುಕಿ ಆಗ್ಬೇಡ. ಬಾಯಿ ತೆಗಿ."

ಸಂಜೆ ನನ್ನ ಸೋದರಮಾವ ಯಾಮೊವಾ ಬಂದ. ನಮ್ಮ ಕುಟುಂಬಕ್ಕೆ ಅವನೇ ಯಜಮಾನ, ಅವನ ಮಾತು ಮೀರುವ ಹಾಗಿಲ್ಲ. ಮಾರ್ಚ್ 14ಕ್ಕೆ ಮಣ್ಣು ಎಂದ. ನಮ್ಮಲ್ಲಿ ಮಣ್ಣು ಶನಿವಾರವೇ, ಅದಕ್ಕೆ ಮುಂಚಿನ ಶನಿವಾರಗಳನ್ನೆಲ್ಲ ಬೇರೆ ಬೇರೆ ಮನೆಯವರು ಹಿಡಿದಿದ್ದಾರಂತೆ. ನಮ್ಮ ಮಾಂಪಾಂಗ್‌ನಲ್ಲಿ ಸತ್ತವರೂ ಸರದಿಯಲ್ಲಿ ನಿಲ್ಲಬೇಕು.

"ಅವಳ ತಲೆ ಯಾರು ಮಾಡ್ತಾರೆ ಮಾವ?" ಎಂದೆ.

"ನೀನಂತೂ ಅಲ್ಲ" ಎಂದ.

ಈ ಊರಿನಲ್ಲಿ ಅರುವತ್ತಕ್ಕೂ ಹೆಚ್ಚು ಹೆಂಗಸರ ಕೊನೆಯ ಜಡೆ ಹಾಕಿದ್ದು ನಾನು. ಮಿಂದು, ಉಟ್ಟು, ಚಿನ್ನ ಹಾಕಿಸಿಕೊಂಡು ಮಂಚದ ಮೇಲೆ ಮಲಗಿದವರ ಮುಂದೆ ಊರಿಗೆ ಊರೇ ಹಾದುಹೋಗುತ್ತದೆ. ಎಲ್ಲರ ಕಣ್ಣೂ ಮೊದಲು ತಲೆಗೆ ಹೋಗುತ್ತದೆ. ಆ ಕೆಲಸಕ್ಕೆ ಹೋಗುವಾಗ ನನ್ನ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದೆ. ಬದುಕಿರುವವರ ಒಂದು ಕೂದಲೂ ಸತ್ತವರ ಜೊತೆ ಮಣ್ಣಿಗೆ ಹೋಗಬಾರದು, ಹೋದರೆ ಆ ಕೂದಲು ಹಿಡಿದು ಎಳೆದುಕೊಳ್ಳುತ್ತಾರೆ. ಕೆಲಸ ಕಲಿಸಿದವಳು ನನಗೆ ಹೇಳಿಕೊಟ್ಟ ಮೊದಲ ಪಾಠ ಇದು.

ಅರುವತ್ತು ಪರರ ತಲೆ. ನನ್ನ ಮಗಳದ್ದು ಮಾತ್ರ ಮುಟ್ಟಬಾರದು.

ಫೆಬ್ರವರಿ 11, ಬುಧವಾರ

ಬಿಳಿ ಬಟ್ಟೆಯಲ್ಲೇ ಹೋಗಿ ಅಂಗಡಿ ತೆಗೆದೆ. ಯಾರೂ ಬರಲಿಲ್ಲ. ಚೊಚ್ಚಲು ಕಳೆದುಕೊಂಡವಳ ಕೈಗೆ ತಲೆ ಕೊಡಲು ಯಾರಿಗೆ ಧೈರ್ಯ? ಸುಮ್ಮನೆ ಬಾಚಣಿಗೆ ತೊಳೆದೆ, ಒರೆಸಿದೆ, ಮತ್ತೆ ತೊಳೆದೆ.

ರಸ್ತೆಯ ಎದುರಿನವಳ ಅಂಗಡಿಯೂ ಖಾಲಿ. ಅವಳ ಬೋರ್ಡು ‘ಅಸೂಯೆ ಬೇಡ ಹೇರ್ ಪಾರ್ಲರ್’. ನನ್ನ ‘ಕರ್ತನ ಕೃಪೆ’ ಸಲೂನಿನ ಎದುರಿಗೇ ಆ ಬೋರ್ಡು ಬರೆಸಿದ್ದು ಯಾರನ್ನು ಚುಚ್ಚಲಿಕ್ಕೆ ಎಂದು ಊರಿಗೆಲ್ಲ ಗೊತ್ತು. ಹನ್ನೊಂದು ವರ್ಷದಿಂದ ಅವಳಿಗೂ ನನಗೂ ಎಣ್ಣೆ ಸೀಗೇಕಾಯಿ.

ಅವಳ ಅಂಗಡಿ ಏಕೆ ಖಾಲಿ ಎಂದು ಟೊಮೆಟೊ ಮಾರುವವಳು ಹೇಳಿದಳು.

"ಆಸ್ಪತ್ರೆ ನರ್ಸ್ ನೋಡಿದ್ಳಂತೆ. ಮಗೂಗೆ ಎಡಗಿವಿ ಮೇಲೆ ಅಂಗೈ ಅಗಲ ಕೂದಲೇ ಇರ್ಲಿಲ್ವಂತೆ. ಎದುರಂಗಡಿ ಟಿವಾ ಹಾಕಿದ ಜಡೆ ಅಷ್ಟು ಬಿಗಿ. ಆ ಬಿಗಿಗೇ ಜ್ವರ ತಲೆಗೇರ್ತು ಅಂತಾರೆ. ಹೌದಾ ಫ್ರೇಮಾ?"

ನಾನು ಸುಮ್ಮನಿದ್ದೆ. ಸುಮ್ಮನಿದ್ದರೆ ಹೌದು ಎಂದೇ ಅರ್ಥ.

ಫೆಬ್ರವರಿ 12, ಗುರುವಾರ

ಇವತ್ತೂ ಇಬ್ಬರು ಕೇಳಿದರು. ಇವತ್ತೂ ಸುಮ್ಮನಿದ್ದೆ.

ಫೆಬ್ರವರಿ 20, ಶುಕ್ರವಾರ

ಎಷ್ಟು ದಿನ ಬರೆಯದೆ ಇರಲಿ. ಇಲ್ಲಾದರೂ ಬರೆಯಬೇಕು.

ಹೈಸ್ಕೂಲು ಮುಗಿಯುವವರೆಗೂ ಬಿರಾಗೊಳ ತಲೆ ಹುಡುಗರ ಹಾಗೆ ಬೋಳು ಕತ್ತರಿ. ಎಲ್ಲ ಹೆಣ್ಣುಮಕ್ಕಳಿಗೂ ಶಾಲೆಯ ನಿಯಮ ಅದೇ. ಜಡೆ ಹಾಕುವವಳ ಮಗಳಾಗಿ ಹದಿನೆಂಟು ವರ್ಷ ಜಡೆ ಕಾಣದವಳು. ಶಾಲೆ ಬಿಟ್ಟ ದಿನವೇ ಕನ್ನಡಿ ಮುಂದೆ ನಿಂತು ಬೆರಳಿನಿಂದ ಕೂದಲು ಅಳೆಯಲು ಶುರುಮಾಡಿದಳು. ಜನವರಿ 31ಕ್ಕೆ ನೆಂಟರ ಹುಡುಗಿಯ ಮದುವೆ ಮಾತು. ಉಡುಗೊರೆಯ ಬುಟ್ಟಿ ಹೊತ್ತು ಸಾಲಾಗಿ ನಡೆಯುವ ಹುಡುಗಿಯರಲ್ಲಿ ಇವಳೂ ಒಬ್ಬಳು.

"ಅಮ್ಮಾ, ಹಾಕು."

"ಮೂರು ಬೆರಳೂ ಇಲ್ಲ. ಚೌರಿ ಭಾರಕ್ಕೆ ಬುಡ ಕಿತ್ಕೊಂಡು ಬರುತ್ತೆ. ಕ್ರಿಸ್ಮಸ್ಸಿಗೆ ಹಾಕ್ತೀನಿ."

"ಕ್ರಿಸ್ಮಸ್ಸಿಗೆ ನಾನೆಲ್ಲಿರ್ತೀನೋ!"

ತಮಾಷೆಗೆ ಹೇಳಿದ್ದು. ನರ್ಸಿಂಗ್ ಕಾಲೇಜಿಗೆ ಹೋಗಿರುತ್ತೇನೆ ಎಂಬ ಅರ್ಥದಲ್ಲಿ.

24ರಂದು, ನಾನು ಊರಲ್ಲಿಲ್ಲದಾಗ, ಹೇಳದೆ ಕೇಳದೆ ಎದುರಿನವಳ ಹತ್ತಿರ ಹೋಗಿ ಹಾಕಿಸಿಕೊಂಡು ಬಂದಳು. ನನ್ನ ಮಗಳು. ಎದುರು ಅಂಗಡಿಯಲ್ಲಿ, ಬೀದಿಗೆಲ್ಲ ಕಾಣುವ ಹಾಗೆ, ಐದು ತಾಸು ಕೂತು. ಮಾರನೆಯ ದಿನ ಇಗರ್ಜಿಯಲ್ಲಿ ಹೆಂಗಸರು ನನ್ನನ್ನು ನೋಡಿ ನಕ್ಕರು: "ಏನ್ ಫ್ರೇಮಾ, ನಿನ್ ಅಂಗಡಿಗೆ ಬೀಗಾನಾ?"

ಮನೆಗೆ ಬಂದವಳೇ ಅವಳನ್ನು ಕೂರಿಸಿ ಬಿಚ್ಚಿದೆ. ಬಿಚ್ಚಿದೆ ಎಂದು ಬರೆದರೆ ಸುಳ್ಳು. ಕತ್ತರಿಸಿದೆ, ಕಿತ್ತೆ. ನೀರು ಹಾಕಲಿಲ್ಲ, ಎಣ್ಣೆ ಹಚ್ಚಲಿಲ್ಲ. ತುದಿಯಿಂದ ಬಿಚ್ಚಬೇಕು ಎಂದು ಇಪ್ಪತ್ತು ವರ್ಷದಿಂದ ಎಲ್ಲರಿಗೂ ಹೇಳಿಕೊಟ್ಟವಳು ಬುಡದಿಂದ ಎಳೆದೆ. ಎಡಗಿವಿಯ ಮೇಲಿನದು ಚರ್ಮದ ಸಮೇತ ಬಂತು. "ಅಮ್ಮಾ, ಉರಿ! ಅಮ್ಮಾ!" ಎಂದಳು. ನಿಲ್ಲಿಸಲಿಲ್ಲ.

ಆಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡಳು. ಬುಧವಾರ ಜ್ವರ ಬಂತು. ಹಣೆ ಮುಟ್ಟಲು ಹೋದರೆ ಬಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ನಾನು ಮತ್ತೆ ಕೀಳುತ್ತೇನೆ ಅಂದುಕೊಂಡಳು.

ಆ ತಲೆಗೆ ನಾನು ಮಾಡಿದ ಕೊನೆಯ ಕೆಲಸ ಅದು. ಈ ಕೈ ಇನ್ನು ಯಾತಕ್ಕೆ?

ಫೆಬ್ರವರಿ 27, ಶುಕ್ರವಾರ

ಮಾವ ಕುಮಾಸಿಯಿಂದ ಒಬ್ಬ ಅಲಂಕಾರದವಳನ್ನು ಗೊತ್ತುಮಾಡಿದ್ದಾನೆ. ಅವಳು ಬಿರಾಗೊಳ ತಲೆಯನ್ನು ನೋಡಿ ಬಂದು ಹೇಳಿದಳಂತೆ: ಜಡೆ ಆಗುವುದಿಲ್ಲ, ಪಕ್ಕದಲ್ಲಿ ಬೋಳು ಕಾಣುತ್ತದೆ, ವಿಗ್ ಹಾಕಿಬಿಡೋಣ. ಆ ವಿಗ್ಗಿನ ಚಿತ್ರವನ್ನು ಮಾವ ಫೋನಿನಲ್ಲಿ ತೋರಿಸಿದ. ಕಂದು ಬಣ್ಣದ್ದು, ಗುಂಗುರು, ಹಣೆ ಮುಚ್ಚುವಷ್ಟು.

"ಚೆನ್ನಾಗಿದೆಯಲ್ಲ?" ಎಂದ. ಪಾಪ, ನಿಜವಾಗಿಯೇ ಕೇಳಿದ.

ಯಾರದೋ ತಲೆ ಹೊತ್ತುಕೊಂಡು ನನ್ನ ಮಗಳು ಊರಿನ ಮುಂದೆ ಮಲಗಬೇಕು. ಇಷ್ಟು ಬೆರಳಾಯಿತು, ಇಷ್ಟು ಬೆರಳಾಯಿತು ಎಂದು ಅಳೆದುಕೊಂಡಳಲ್ಲ, ಆ ಕೂದಲು ಒಳಗೆ ಅಡಗಬೇಕು, ನನ್ನ ತಪ್ಪಿನ ಜೊತೆ.

ಆ ಬೋಳನ್ನು ಜಡೆಯಲ್ಲೇ ಮುಚ್ಚಬಹುದು. ಬಲಗಡೆಯಿಂದ ಎತ್ತಿದ ಸಾಲನ್ನು ನೆತ್ತಿ ದಾಟಿಸಿ ಎಡಕ್ಕೆ ಇಳಿಸಿದರೆ ಆಗುತ್ತದೆ. ಆದರೆ ಅದಕ್ಕೆ ಕೈ ಹಗುರ ಇರಬೇಕು, ಬೈತಲೆ ನೂಲಿನಷ್ಟು ನೇರ ಬರಬೇಕು. ಈ ಊರಿನಲ್ಲಿ ಅಂಥ ಕೈ ಎರಡು. ಒಂದು ನನ್ನದು.

ಮಾರ್ಚ್ 3, ಮಂಗಳವಾರ

ಟಿವಾ ಬಂದಿದ್ದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ರಸ್ತೆ ದಾಟಿ ನನ್ನ ಅಂಗಡಿಯೊಳಗೆ. ಕೂರಲಿಲ್ಲ.

"ಫ್ರೇಮಾ, ಜಗಳಕ್ಕೆ ಬಂದಿಲ್ಲ. ಒಂದೇ ಮಾತು ಕೇಳ್ತೀನಿ. ನಾನು ಬಿಗಿಯಾಗಿ ಹಾಕಿದ್ನಾ?"

ನಾನು ಬಾಚಣಿಗೆ ನೋಡುತ್ತಿದ್ದೆ.

"ಒಂದು ತಿಂಗಳಿಂದ ಒಂದು ತಲೆ ಬಂದಿಲ್ಲ ನನ್ನ ಹತ್ರ. ನನ್ನ ತಂಗಿ ಮಗಳೇ ‘ಬೇಡ ದೊಡ್ಡಮ್ಮ’ ಅಂದ್ಲು. ಊರವ್ರು ಏನಾದ್ರೂ ಅನ್ಲಿ. ನೀನು ಕೆಲಸ ಬಲ್ಲವಳು, ಆ ತಲೆ ನೋಡಿದ್ದೀಯ. ನಾನೂ ರಾತ್ರಿಯೆಲ್ಲ ಯೋಚ್ನೆ ಮಾಡಿ ಮಾಡಿ, ಈಗ ನನ್ನ ಕೈ ಮೇಲೆ ನಂಗೇ ಅನುಮಾನ. ಹೇಳು. ಹೌದಾದ್ರೆ ಕತ್ತರಿ ಬಾಚಣಿಗೆ ತಗೊಂಡೋಗಿ ಹೊಳೆಗೆ ಹಾಕ್ತೀನಿ."

ಬಾಚಣಿಗೆಯ ಹಲ್ಲಿನಿಂದ ಇಲ್ಲದ ಕೂದಲನ್ನು ತೆಗೆಯುತ್ತಾ ಹೋದೆ.

ಅವಳು ಬಾಗಿಲವರೆಗೆ ಹೋಗಿ ತಿರುಗಿದಳು.

"ಐದು ತಾಸು ಪ್ರಾಣ ತಿಂದ್ಲು ನಿನ್ ಮಗಳು. ‘ನಮ್ಮಮ್ಮ ಹಿಂಗೆ ಬೈತಲೆ ತೆಗೆಯಲ್ಲ, ನಮ್ಮಮ್ಮ ಕಿವಿ ಹಿಂದಿಂದ ಶುರು ಮಾಡ್ತಾಳೆ, ನಮ್ಮಮ್ಮ ತುದೀನ ಬಿಸಿನೀರಲ್ಲಿ ಅದ್ತಾಳೆ.’ ‘ಹಂಗಾದ್ರೆ ನಿಮ್ಮಮ್ಮನ ಹತ್ರಾನೇ ಹೋಗೇ’ ಅಂದೆ. ‘ಅವಳು ಕ್ರಿಸ್ಮಸ್ಸಿಗೆ ಹಾಕ್ತಾಳೆ, ಇದು ಬರೀ ಅಭ್ಯಾಸಕ್ಕೆ’ ಅಂದ್ಲು."

ನಾನು ಇಷ್ಟು ನೀಚಳು ಎಂದು ನನಗೆ ಗೊತ್ತಿರಲಿಲ್ಲ.

ಮಾರ್ಚ್ 5, ಗುರುವಾರ

ಮೊಟ್ಟೆ. ಮತ್ತೆ ಮೊಟ್ಟೆ. ಚಿಕ್ಕಮ್ಮ ಆಚೆ ಹೋದಾಗ ಎಲ್ಲ ಕಕ್ಕಿದೆ.

ಮಾರ್ಚ್ 8, ಭಾನುವಾರ

ಇಗರ್ಜಿ ಮುಗಿದ ಮೇಲೆ ಮಾವನ ಅಂಗಳದಲ್ಲಿ ಕುಟುಂಬದವರು ಸೇರಿದ್ದರು. ಎಷ್ಟು ಕುರ್ಚಿ, ಎಷ್ಟು ಶಾಮಿಯಾನ, ಯಾವ ಬ್ಯಾಂಡು ಎಂಬ ಮಾತು. ಕೊನೆಗೆ ಮಾವ ವಿಗ್ ಎಂದ. ನಾನು ಎದ್ದೆ. ಬಿಳಿ ಉಟ್ಟವಳು ಸಭೆಯಲ್ಲಿ ಮಾತಾಡಬಾರದು. ಆದರೂ ಎದ್ದೆ.

"ವಿಗ್ ಬೇಡ ಮಾವ. ಟಿವಾ ಹಾಕ್ಲಿ."

"ಯಾರು? ಮಗೂನ ಕೊಂದವಳಾ?" ಎಂದಳು ಚಿಕ್ಕಮ್ಮ.

"ಅವಳ ಕೈಯಲ್ಲಿ ಒಂದು ಕೂದಲೂ ಉದುರಿಲ್ಲ. ಕಿತ್ತಿದ್ದು ನಾನು."

ಅರ್ಥವಾಗಲಿಲ್ಲ ಅವರಿಗೆ. ಮತ್ತೆ ಹೇಳಿದೆ. ಭಾನುವಾರ, ಇಗರ್ಜಿಯಿಂದ ಬಂದು, ಕತ್ತರಿ ತೆಗೆದುಕೊಂಡು, ಈ ಕೈಯಲ್ಲಿ. ಅಳಲಿಲ್ಲ. ಅಳದೆ ಹೇಳುವುದು ಕಷ್ಟವೇ ಆಗಲಿಲ್ಲ, ಒಳಗೆ ಏನೂ ಇರಲಿಲ್ಲ.

ಯಾರೋ ಹೆಂಗಸು ಲೊಚಗುಟ್ಟಿದಳು. ಚಿಕ್ಕಮ್ಮ ಮುಖ ತಿರುಗಿಸಿದಳು. ಮಾವ ಶಾಮಿಯಾನದ ಲೆಕ್ಕದ ಚೀಟಿ ಮಡಚಿಟ್ಟ.

"ತಿಂಗಳು ಪೂರ್ತಿ ಆ ಹೆಂಗಸಿನ ಹೆಸರು ಬೀದೀಲಿ ಬಿದ್ದಿತ್ತು. ನೀನು ನೋಡ್ತಾ ಇದ್ದೆ" ಎಂದ.

"ನೋಡ್ತಾ ಇದ್ದೆ ಮಾವ."

ಜಿನ್ ಬಾಟಲಿ ಹಿಡಿದು ಮಾವನೇ ಅವಳ ಮನೆಗೆ ಹೋದ, ಕುಟುಂಬದ ಪರವಾಗಿ ಕ್ಷಮೆ ಕೇಳಲು. ಯಜಮಾನನಾದವನು ತಲೆ ತಗ್ಗಿಸಿ ನಡೆದುಹೋದದ್ದನ್ನು ಊರೆಲ್ಲ ನೋಡಿತು. ಬಾಟಲಿ ತೆಗೆದುಕೊಂಡಳಂತೆ. ತಲೆ ಮಾಡುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲವಂತೆ.

ಚಿಕ್ಕಮ್ಮ ಇವತ್ತು ತಿನ್ನು ಎನ್ನಲಿಲ್ಲ.

ಮಾರ್ಚ್ 12, ಗುರುವಾರ

ಮಧ್ಯಾಹ್ನ ಬಾಗಿಲಲ್ಲಿ ನೆರಳಾಯಿತು. ಟಿವಾಕ್ಕ ಬಂದು ಏನೂ ಮಾತಾಡದೆ ಗಿರಾಕಿ ಕುರ್ಚಿಯಲ್ಲಿ ಕೂತಳು. ತಲೆಯ ಬಟ್ಟೆ ಬಿಚ್ಚಿದಳು. ಮುಂದೆಲ್ಲ ನರೆ. ಬಣ್ಣ ಹಚ್ಚುವುದನ್ನು ಬಿಟ್ಟಿದ್ದಾಳೆ.

"ನಿನ್ ಮೇಲೆ ಸಿಟ್ಟು ಹೋಗಿಲ್ಲ" ಎಂದಳು. "ಹೋಗುತ್ತೆ ಅಂತಾನೂ ಹೇಳಲ್ಲ. ಆದ್ರೆ ಆ ಹುಡುಗಿ ಐದು ತಾಸು ‘ನಮ್ಮಮ್ಮ ನಮ್ಮಮ್ಮ’ ಅಂದಿದ್ದು ನನ್ನ ಕಿವೀಲಿ ಕೂತಿದೆ. ನೀನು ಅವಳ ತಲೆ ಮುಟ್ಟೋ ಹಂಗಿಲ್ಲ. ನನ್ನ ತಲೆ ಮುಟ್ಟು. ಅವಳಿಗೆ ಹೆಂಗೆ ಬೇಕೋ ಹಂಗೆ ನನಗೆ ಹಾಕು. ನಾಳೆ ಅದನ್ನ ನೋಡ್ಕೊಂಡು, ಬೆರಳಲ್ಲಿ ಮುಟ್ಕೊಂಡು ಅವಳಿಗೆ ಹಾಕ್ತೀನಿ."

ಮೊದಲ ಬೈತಲೆ ಸೊಟ್ಟ ಬಂತು. ಅಳಿಸಿ ಮತ್ತೆ ತೆಗೆದೆ. ಕಿವಿಯ ಹಿಂದಿನಿಂದ ಶುರು ಮಾಡಿದೆ. ಶಿಯಾ ಬೆಣ್ಣೆಯನ್ನು ಅಂಗೈಯಲ್ಲಿ ಕರಗಿಸಿ ಸಾಲಿನುದ್ದಕ್ಕೂ ಹಚ್ಚಿದೆ. ಬಲದಿಂದ ಎತ್ತಿ, ನೆತ್ತಿ ದಾಟಿಸಿ, ಎಡಕ್ಕೆ ಇಳಿಸಿದೆ. ಒಟ್ಟು ಇಪ್ಪತ್ತನಾಲ್ಕು ಜಡೆ.

"ಇಲ್ಲಿ" ಎಂದು ಅವಳ ಎಡಗಿವಿಯ ಮೇಲೆ ಬೆರಳಿಟ್ಟೆ. "ಇಲ್ಲಿಂದ ಇಲ್ಲಿವರೆಗೆ. ಇಷ್ಟು ಅಗಲ. ಇಲ್ಲಿ ಹಿಡಿಯಕ್ಕೆ ಏನೂ ಸಿಗಲ್ಲ."

"ಗೊತ್ತಾಯ್ತು."

"ಮೆಲ್ಲಗೆ ಅಕ್ಕ. ಅಲ್ಲಿ ಅವಳಿಗೆ ಉರಿ."

ಸತ್ತವಳಿಗೆ ಉರಿ ಎಲ್ಲಿಂದ ಎಂದು ಅವಳು ಹೇಳಬಹುದಿತ್ತು. "ಮೆಲ್ಲಗೇ ಹಾಕ್ತೀನಿ" ಎಂದಳು.

ಐದು ತಾಸು ಹಿಡಿಯಿತು. ನಡುವೆ ಇಬ್ಬರೂ ಹುರಿದ ಬಾಳೆಕಾಯಿ ತಿಂದೆವು. ಕಕ್ಕಲಿಲ್ಲ.

ಮಾರ್ಚ್ 14, ಶನಿವಾರ

ಬೆಳಗಿನಿಂದ ಕೋಣೆಯಲ್ಲಿದ್ದೇನೆ. ಹೊಸ ಬಿಳಿ ಬಟ್ಟೆ. ಕೆಂಪು ತಾಳೆಣ್ಣೆ ಹಾಕಿ ಹಿಸುಕಿದ ಗೆಣಸು, ಅದರ ಮೇಲೆ ಮೂರು ಮೊಟ್ಟೆ. ಅವಳಪ್ಪನಿಗೂ ಟೆಕಿಮಾನ್‌ನಲ್ಲಿ ಇದನ್ನೇ ತಿನ್ನಿಸುತ್ತಿದ್ದಾರಂತೆ.

ಬ್ಯಾಂಡು ಕೇಳಿಸುತ್ತಿದೆ. ಹೆಂಗಸರು ಅಳುವುದು ಕೇಳಿಸುತ್ತಿದೆ. ಊರಿನವರೆಲ್ಲ ನನ್ನ ಮಗಳಿಗಾಗಿ ಅಳಬಹುದು, ಗುರುತು ಪರಿಚಯ ಇಲ್ಲದವರೂ ಅಳಬಹುದು. ನಾನು ಮೊಟ್ಟೆ ಸುಲಿಯಬೇಕು.

ಹತ್ತು ಗಂಟೆಗೆ ಚಿಕ್ಕಮ್ಮ ಸಾವಿನ ಮನೆಯ ಕೆಂಪು ಕಪ್ಪು ಉಟ್ಟು ಒಳಗೆ ಬಂದಳು. ಕಣ್ಣು ಊದಿತ್ತು. ನನ್ನ ಪಕ್ಕ ಕೂತಳು, ಭಾನುವಾರದ ನಂತರ ಮೊದಲ ಸಲ.

"ಬೋಳು ಕಾಣ್ಲಿಲ್ಲ ಕಣೇ" ಎಂದಳು. "ಎಲ್ಲೂ ಕಾಣ್ಲಿಲ್ಲ. ಇಷ್ಟುದ್ದ ಜಡೆ, ಭುಜದ ಮೇಲೆ ಬಿದ್ದಿತ್ತು. ಹುಡುಗೀರೆಲ್ಲ ನಿಂತು ನಿಂತು ನೋಡಿದ್ರು. ಕಿವಿ ಮೇಲೆ ಒಂದು ಜಡೆ ಬಂದಿತ್ತು ನೋಡು, ಬುಡದಲ್ಲಿ ಸ್ವಲ್ಪ ಬೆಳ್ಳಗೆ ಹೊಳೀತಿತ್ತು, ಚೌರೀಲಿ ಜರಿ ಸೇರಿಸಿದ್ಳೋ ಏನೋ. ಮದುಮಗಳ ಹಂಗಿದ್ಲು."

ಮದುಮಗಳ ಹಾಗೆ. ನಾನು ನೋಡಲಿಲ್ಲ. ಇನ್ನೆಂದೂ ನೋಡುವುದಿಲ್ಲ. ನನ್ನ ಕಣ್ಣಿನೊಳಗಿರುವುದು ಬಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡವಳು ಮಾತ್ರ.

ಈಗ ಬ್ಯಾಂಡು ದೂರ ಹೋಗುತ್ತಿದೆ. ಸ್ಮಶಾನದ ಕಡೆ.

ಮಾರ್ಚ್ 23, ಸೋಮವಾರ

ಟಿವಾಕ್ಕನ ಅಂಗಡಿಗೆ ಮೂವರು ಗಿರಾಕಿಗಳು ಬಂದರು. ನನ್ನದಕ್ಕೆ ಯಾರೂ ಇಲ್ಲ. ಸರಿಯಾಗಿಯೇ ಇದೆ.

ನಾಲ್ಕು ಗಂಟೆಗೆ ಅವಳು ರಸ್ತೆ ದಾಟಿ ಬಂದು ಕುರ್ಚಿಯಲ್ಲಿ ಕೂತಳು. "ಹನ್ನೊಂದು ದಿನ ಆಯ್ತು, ತಲೆ ನವೆ. ಹಾಕಿದವಳೇ ಬಿಚ್ಚಬೇಕು" ಎಂದಳು.

ಬಿಸಿನೀರು ತಂದೆ. ಎಣ್ಣೆ ತಂದೆ. ತುದಿಯಿಂದ ಶುರು ಮಾಡಿದೆ, ಒಂದೊಂದೇ ಎಳೆ. ಗಂಟು ಸಿಕ್ಕಲ್ಲಿ ಎಳೆಯದೆ ನೆನೆಸಿ ಕಾದೆ. ಬಿಚ್ಚಿದ್ದನ್ನೆಲ್ಲ ಬಾಚಿ ಒಂದು ಪಕ್ಕಕ್ಕೆ ಕಟ್ಟಿದೆ. ಒಂದು ಕೂದಲೂ ತುಂಡಾಗಲಿಲ್ಲ. ಇಷ್ಟೇ ಕೆಲಸ. ಅವತ್ತು ಇಷ್ಟು ಮಾಡಲು ನನಗೇನು ರೋಗ ಬಂದಿತ್ತು?

ಎಡಗಡೆಗೆ ಬಂದೆ. ಇಪ್ಪತ್ತಮೂರು ಬಿಚ್ಚಿಯಾಗಿತ್ತು. ಇನ್ನೊಂದು ಸಿಗಲಿಲ್ಲ. ಮೇಲಿನ ಕೂದಲು ಸರಿಸಿ ನೋಡಿದೆ. ಎಡಗಿವಿಯ ಮೇಲೆ, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲೇ, ಜಡೆ ಬುಡಕ್ಕೆ ಕತ್ತರಿಸಿ ಹೋಗಿತ್ತು. ಮೋಟು ಕೂದಲು ಮಾತ್ರ ಇತ್ತು, ಅದರಲ್ಲಿ ಅರ್ಧ ನರೆ.

"ಅಕ್ಕ, ಇದು..."

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಲಿಲ್ಲ.

"ಚೌರಿ ಇತ್ತು ನನ್ನ ಹತ್ರ, ಬೇಕಾದಷ್ಟಿತ್ತು. ಆದ್ರೆ ಅದು ಅಂಗಡೀದು. ಇದು ನೀನು ಹೆಣೆದಿದ್ದು. ನಿನ್ ಕೈಯಿಂದು ಒಂದಾದ್ರೂ ಅವಳ ಜೊತೆ ಹೋಗ್ಲಿ ಅಂತ ಹೊಲ್ದುಬಿಟ್ಟೆ."

"ಬದುಕಿರೋರ ಕೂದಲು ಅಕ್ಕ! ಮಣ್ಣಿಗೆ ಹೋಯ್ತಲ್ಲ! ನಿನಗೇನಾದ್ರೂ ಆದ್ರೆ?"

"ನಂಗೆ ಅರವತ್ತಮೂರು. ಕರೆದ್ರೆ ಹೋಗ್ತೀನಿ. ಐದು ತಾಸು ಪ್ರಾಣ ತಿಂದವಳು, ಅಲ್ಲೂ ‘ನಮ್ಮಮ್ಮ ಹಿಂಗ್ ಹಾಕಲ್ಲ’ ಅಂತಾಳೆ. ‘ನೋಡ್ಕೊಳ್ಳೇ, ಇದು ನಿಮ್ಮಮ್ಮಂದೇ’ ಅಂತೀನಿ."

ಆ ಮೋಟು ಕೂದಲಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಐವತ್ತು ದಿನ ಒಳಗೆ ಕಟ್ಟಿಟ್ಟುಕೊಂಡದ್ದು ಬಾಯಿ ಒಡೆದು ಬಂತು. ಎಂಥ ಸದ್ದು ಅದು, ನನ್ನದೇ ಎಂದು ನನಗೆ ತಿಳಿಯಲಿಲ್ಲ. ಗರ್ಭ ಮುಚ್ಚಿದರೆ ಮುಚ್ಚಲಿ, ಸಾವಿಗೆ ರುಚಿ ಹತ್ತಿದರೆ ಹತ್ತಲಿ.

ಟಿವಾಕ್ಕ ಅರ್ಧ ಬಾಚಿದ ತಲೆಯಲ್ಲೇ ಎದ್ದು ಹೋಗಿ ಅಂಗಡಿಯ ಬಾಗಿಲು ಹಾಕಿದಳು. ಕೂದಲು ಒಣಗಿಸುವ ಯಂತ್ರವನ್ನು ಜೋರಾಗಿ ಹಚ್ಚಿಟ್ಟಳು, ಬೀದಿಗೆ ಕೇಳಿಸದಿರಲಿ ಎಂದು. ಆಮೇಲೆ ಬಂದು ಮತ್ತೆ ಕುರ್ಚಿಯಲ್ಲಿ ಕೂತು, ನನಗೆ ಬೆನ್ನು ಮಾಡಿ, ಕಾದಳು.